ಗಾಡಿಯ ಹಣೆ

ನನ್ನ ಮೋಟರ್‌ಸೈಕಲ್ಲಿನ ಸೈಡ್ ಡಬ್ಬಿಯಲ್ಲಿ ಒಂದು ಸೇಫ್ಟಿ ಪಿನ್ನು ಇದೆ. ಪ್ಲಗ್ ಬಿಚ್ಚುವ ಪಾನಾ, ಹೆಚ್ಚಿನದೊಂದು ಪ್ಲಗ್ಗು, ಮಡಚಿದ ಪಾಲಿಶ್ ಪೇಪರು, ಕ್ಲಚ್ಚಿನ ವಾಯರು, ಬನಹಟ್ಟಿಯ ಮಗ್ಗದ ಶೆಡ್ಡಿನಿಂದ ತಂದ ಒಂದು ಮುಷ್ಟಿ ಬಣ್ಣಬಣ್ಣದ ನೂಲಿನ ಚಿಂದಿ, ಇವೆಲ್ಲದರ ಕೆಳಗೆ ಗುಳಿಗೆಯ ಖಾಲಿ ಡಬ್ಬಿಯೊಳಗೆ ಅದನ್ನು ಇಟ್ಟಿದ್ದೇನೆ. ಮೊನ್ನೆ ರವಿವಾರ ಗಾಡಿ ತೊಳೆಯುವಾಗ ಹೆಂಡತಿಯ ಕಣ್ಣಿಗೆ ಅದು ಬಿತ್ತು.

“ಮನ್ಯಾಗ ಒಂದ ಪಿನ್ನೂ ಉಳಿಯಂಗಿಲ್ಲ ಅಂತ ನಾ ಬಡಕೊಳ್ಳಾಕತ್ತೇನಿ, ನೀವು ನೋಡಿದ್ರ ಗಾಡ್ಯಾಗ ಜೋಪಾನ ಮಾಡೀರಿ,” ಎಂದು ಕೈ ಚಾಚಿದಳು.

“ಅದು ರಿಪೇರಿ ಸಾಮಾನು. ಮುಟ್ಟಬ್ಯಾಡ,” ಎಂದೆ.

ಅದು ಯಾವ ಪಿನ್ನು ಎಂಬುದು ಅವಳಿಗೂ ನೆನಪಾಯಿತೆಂದು ಕಾಣುತ್ತದೆ. ಚಾಚಿದ ಕೈಯನ್ನು ಸುಮ್ಮನೆ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು.

ಪಿನ್ನಿನಿಂದ ಗಾಡಿ ರಿಪೇರಿ ಮಾಡುವ ಈ ಮಹಾಶಯ ಯಾರು ಎಂದು ನೀವು ನಗುತ್ತಿರಬಹುದು. ನಗಬೇಡಿ. ರಬಕವಿಯಲ್ಲಿ ನಮ್ಮ ಓಣಿಯ ಮಟ್ಟಿಗೆ ಹೇಳುವುದಾದರೆ, ಗಾಡಿಯನ್ನು ನನ್ನಷ್ಟು ಚಂದ ಇಟ್ಟುಕೊಂಡವರು ಇನ್ನೊಬ್ಬರಿಲ್ಲ. ಸಹಕಾರಿ ಸಂಘದ ಕಾರಕೂನ ನಾನು, ಕುರ್ಚಿಯ ಮೇಲೆ ಕೂತು ಕೂತು ಸೊಂಟ ಹೋಗಿದೆ. ಆದರೆ ರವಿವಾರ ಬೆಳಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚೈನಿಗೆ ಎಣ್ಣೆ ಬಿಡುವಾಗ ಆ ಸೊಂಟದ ನೆನಪೇ ಇರುವುದಿಲ್ಲ. ಚೈನು ಎರಡು ಬೆರಳಿನಷ್ಟು ಮೇಲೆ ಕೆಳಗೆ ಆಡಬೇಕು, ಬಿಗಿಯೂ ಆಗಬಾರದು, ಸಡಿಲೂ ಆಗಬಾರದು. ಗಾಲಿಗೆ ಹವಾ ಬೆಳಗ್ಗೆ ತಂಪು ಹೊತ್ತಿನಲ್ಲೇ ನೋಡಬೇಕು. ಏರ್ ಫಿಲ್ಟರಿನ ಧೂಳನ್ನು ಕೊಡವಬೇಕು, ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೋಗುವವರು ಅದನ್ನು ಎರಡು ಸಲ ಕೊಡವಬೇಕು. ಹೀಗೆ ನನ್ನದೊಂದು ದೊಡ್ಡ ಶಾಸ್ತ್ರವಿದೆ. ಆಫೀಸಿನಲ್ಲಿ ಯಾರ ಗಾಡಿ ಕೆಮ್ಮಿದರೂ ನಾನು ಕರೆಯದೆ ಎದ್ದು ಹೋಗುತ್ತೇನೆ. ಜನ ನನ್ನನ್ನು ಕಂಡರೆ ಗಾಡಿ ಬಂದ್ ಮಾಡಿ ನಿಲ್ಲಿಸುತ್ತಾರೆಂದು ಹೆಂಡತಿ ಹೇಳುತ್ತಾಳೆ. ಅದರಲ್ಲಿ ಸ್ವಲ್ಪ ಖರೆ ಇರಬಹುದು.

ಈ ಶಾಸ್ತ್ರವನ್ನೂ ಈ ಗಾಡಿಯನ್ನೂ ನನಗೆ ಕೊಟ್ಟವರು ಅಪ್ಪ. ನಾನು ಶಾಲೆಗೆ ಹೋಗುವಾಗ ಅವರ ಹತ್ತಿರ ಇದಕ್ಕಿಂತ ಹಳೆಯದೊಂದಿತ್ತು. ರವಿವಾರ ಬಂದರೆ ಮಗ್ಗದ ಶೆಡ್ಡುಗಳಿಗೆ ಹೋಗಿ ನೂಲಿನ ಚಿಂದಿ ಆರಿಸಿ ತರುವುದು ನನ್ನ ಕೆಲಸ. ಸೀರೆಯ ಅಂಚಿಗೆ ಹಾಕಿ ಉಳಿದ ಕೆಂಪು, ಹಸಿರು, ಅರಿಸಿನ ಬಣ್ಣದ ಎಳೆಗಳು. ಬಣ್ಣ ಬಿಡುವ ನೂಲನ್ನು ತರಬೇಡ ಎಂದು ಅಪ್ಪ ಹೇಳಿದ್ದರೂ ನನಗೆ ಕೆಂಪೇ ಬೇಕು. ಒಂದು ಸಲ ಸೀಮೆಎಣ್ಣೆಯಲ್ಲಿ ಅದ್ದಿದ ಕೆಂಪು ನೂಲಿನಿಂದ ನಾನು ಸೀಟು ಒರೆಸಿದ್ದೆ. ಅಪ್ಪ ಅದರ ಮೇಲೆ ಕೂತು ಬೀಗರ ಮನೆಗೆ ಹೋಗಿ ಬಂದರು. ಬಿಳಿ ಧೋತರದ ಹಿಂಭಾಗ ಹೇಗಾಗಿತ್ತೆಂಬುದನ್ನು ನಾನು ವರ್ಣಿಸುವುದಿಲ್ಲ, ಬೀಗರು ಇನ್ನೂ ಇದ್ದಾರೆ.

ಅಪ್ಪನ ಪದ್ಧತಿ ಒಂದೇ. ಗಾಡಿ ಕೆಟ್ಟಿತೆಂದರೆ ಪಾನಾ ಹಿಡಿಯುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಮುಟ್ಟಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಾಗೆ ನಿಂತಾಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದಳು. “ಕೈ ಹಚ್ಚೂಕಿಂತ ಮೊದಲ ಕಿವಿ ಹಚ್ಚಬೇಕೋ ಬಸು,” ಎಂದು ಅಪ್ಪ ನನಗೆ ಹೇಳುತ್ತಿದ್ದರು. ನಾನು ಕೈ ಹಚ್ಚುವುದನ್ನು ಕಲಿತೆ. ಕಿವಿಯ ಪಾಠವನ್ನು ಬಾಗಿಲಲ್ಲಿ ನಿಂತವಳು ಕಲಿತಿದ್ದಳು ಎಂಬುದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾದವು.

ಇನ್ನು ಹಣೆಯ ವಿಷಯ. ಅಪ್ಪ ಇದ್ದಾಗ ಗಾಡಿಗೆ ಪೂಜೆ ಎಂದರೆ ವರ್ಷಕ್ಕೊಮ್ಮೆ, ದಸರೆಯ ಖಂಡೇಪೂಜೆಯ ದಿನ. ಅವರು ಹೋದ ಮೇಲೆ ಅವ್ವ ಅದನ್ನು ಪ್ರತಿ ಸೋಮವಾರಕ್ಕೆ ತಂದಳು. ನಾನು ಆಫೀಸಿಗೆ ಹೊರಡುವ ಮೊದಲು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಲ್ಲಿ ಗಾಡಿಗೆ ಪಟ್ಟೆ ಎಳೆಯುವುದು. ಮೊದಮೊದಲು ಹೆಡ್‌ಲೈಟಿನ ಗಾಜಿನ ಮೇಲೆ ಹಚ್ಚುತ್ತಿದ್ದಳು. ಒಂದು ಸಂಜೆ ಜಮಖಂಡಿಯಿಂದ ಬರುವಾಗ ಕತ್ತಲಾಯಿತು. ಲೈಟು ಹಾಕಿದರೆ ರಸ್ತೆಯ ಮೇಲೂ ಮೂರು ಪಟ್ಟೆ. ಮನೆಗೆ ಬಂದವನೇ ತಕರಾರು ತೆಗೆದೆ.

“ಅವ್ವಾ, ಲೈಟಿನ ಮ್ಯಾಲ ಬ್ಯಾಡ. ದಾರಿ ಕಾಣಂಗಿಲ್ಲ.”

“ಮತ್ತ ಗಾಡೀಗಿ ಹಣಿ ಎಲ್ಲೈತಿ, ತೋರಸು.”

ನಂಬರ್ ಪ್ಲೇಟು ತೋರಿಸಿದೆ. ಅದು ಹೆಸರು, ಹಣೆಯಲ್ಲ ಎಂದಳು. ಹ್ಯಾಂಡಲ್ ತೋರಿಸಿದೆ. ಅದು ಕೈ. ಕೊನೆಗೆ ಬೇಸತ್ತು ಪೆಟ್ರೋಲ್ ಟಾಕಿಯ ನೆತ್ತಿಯ ಮೇಲೆ ಕೈ ಬಡಿದು, “ಇಲ್ಲಿ ಹಚ್ಚು,” ಎಂದೆ. ಅವಳಿಗೂ ಒಪ್ಪಿಗೆಯಾಯಿತು. ಟಾಕಿಯ ನಡುವೆ ದುಂಡಗಿನ ಮುಚ್ಚಳವಿತ್ತಲ್ಲ, ಅದೇ ಹಣೆ ಎಂದು ನಿಶ್ಚಯಿಸಿದಳು. ಅಂದಿನಿಂದ ಸೋಮವಾರದ ಪಟ್ಟೆ ಮುಚ್ಚಳದ ಮೇಲೆಯೇ. ರವಿವಾರ ನಾನು ಟಾಕಿಯನ್ನೆಲ್ಲ ನೂಲಿನಿಂದ ಒರೆಸಿ ಮಿಂಚಿಸುತ್ತಿದ್ದೆ. ಮುಚ್ಚಳಕ್ಕೆ ಬಂದಾಗ ಮಾತ್ರ ಕೈ ಮುಂದೆ ಹೋಗುತ್ತಿರಲಿಲ್ಲ. ದೇವರು ದಿಂಡರ ಬಗ್ಗೆ ಆಫೀಸಿನಲ್ಲಿ ನಾನು ಏನೇನೋ ಮಾತಾಡುತ್ತೇನೆ, ಆದರೆ ಅವ್ವ ಹಚ್ಚಿದ ವಿಭೂತಿ ಅಳಿಸಲು ಹೆದರಿಕೆ. ವಾರದ ಮೇಲೆ ವಾರ ಪದರದ ಮೇಲೆ ಪದರ ಕೂತು ಮುಚ್ಚಳ ಬೆಳ್ಳಗೆ ಗಟ್ಟಿಯಾಗುತ್ತ ಹೋಯಿತು.

ಹೋದ ಸಲದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಲೋಕಾಪುರದಿಂದ ಮಲ್ಲು ಫೋನ್ ಮಾಡಿದ. ಮಲ್ಲು ನನ್ನ ಚಿಗವ್ವನ ಮಗ. ಚಿಗವ್ವ ಎಂದರೆ ಅವ್ವನ ಒಬ್ಬಳೇ ತಂಗಿ, ಗಂಗವ್ವ. ಅವಳ ಎದೆಯ ಕವಾಟ ಕೆಟ್ಟಿದೆ, ಆಪರೇಶನ್ ಆಗಲೇಬೇಕು ಎಂದು ಬೆಳಗಾವಿಯ ಡಾಕ್ಟರು ಹೇಳಿ ತಿಂಗಳಾಗಿತ್ತು. ಅವಳು ಹೆದರಿ ಮುಂದೂಡುತ್ತ ಬಂದಿದ್ದಳು. ಈಗ ದವಾಖಾನೆಯವರು ತಾರೀಖು ಕೊಟ್ಟಿದ್ದರು, ನಾಳೆ ಮಧ್ಯಾಹ್ನದೊಳಗೆ ಬಂದು ಸೇರಬೇಕು, ನಾಡಿದ್ದು ಆಪರೇಶನ್. ಈ ಸಲ ತಪ್ಪಿದರೆ ಮುಂದಿನದು ಯಾವಾಗಲೋ, ಅಲ್ಲಿಯವರೆಗೆ ಎದೆ ತಡೆಯುವ ಭರವಸೆ ಇಲ್ಲ ಎಂದೂ ಹೇಳಿದ್ದರು. ಜೊತೆಗೆ ನಾಳೆ ಕಬ್ಬಿನ ದರದ ಸಲುವಾಗಿ ಬಂದ್. ಹತ್ತು ಗಂಟೆಗೆ ಲೋಕಾಪುರದ ಕ್ರಾಸಿನಲ್ಲಿ ರಸ್ತೆ ಕಟ್ಟುತ್ತಾರೆ, ಅಷ್ಟರೊಳಗೆ ಅವಳನ್ನು ಬೆಳಗಾವಿಗೆ ಒಯ್ಯುವ ಬಾಡಿಗೆ ಕಾರು ಊರು ದಾಟಬೇಕು.

“ದೊಡ್ಡವ್ವನ್ನ ಹೆಂಗರ ಮಾಡಿ ಕರಕೊಂಡ ಬಾ ಬಸಣ್ಣಾ,” ಎಂದ ಮಲ್ಲು. “ಅಕ್ಕ ಬಂದು ಹಣಿಗಿ ವಿಭೂತಿ ಹಚ್ಚೂತನಕ ಗಾಡಿ ಏರಂಗಿಲ್ಲ ಅಂತ ಅವ್ವ ಹಟಾ ಹಿಡದಾಳ.”

ಅದು ಹೊಸ ಹಟವಲ್ಲ. ಇವರಿಬ್ಬರೂ ಚಿಕ್ಕವರಿದ್ದಾಗಲೇ ಇವರ ತಾಯಿ ತೀರಿಕೊಂಡಳು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ಜ್ವರ ಬಂದರೆ, ಪರೀಕ್ಷೆ ಬಂದರೆ, ಗಂಡನ ಮನೆಗೆ ಹೊರಟರೆ, ಹೆರಿಗೆಗೆ ಹೊರಟರೆ, ಅಕ್ಕನ ಮೂರು ಬೆರಳು ಹಣೆಯ ಮೇಲೆ ಬೀಳಬೇಕು. ಅದು ಬಿದ್ದ ಮೇಲೆ ಚಿಗವ್ವ ಹುಲಿಯ ಮುಂದೆಯೂ ಹೋಗಿ ನಿಲ್ಲುತ್ತಾಳೆ, ಬೀಳದಿದ್ದರೆ ಹೊಸ್ತಿಲು ದಾಟುವುದಿಲ್ಲ.

ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಒಂದೂ ಬಸ್ಸು ಹೊರಡುವ ಲಕ್ಷಣವಿಲ್ಲ. ಕಾರನ್ನು ದಾರಿಯಲ್ಲಿ ಬಿಡುವುದಿಲ್ಲ, ಮೋಟರ್‌ಸೈಕಲ್ಲಾದರೆ ಬಿಡುತ್ತಾರೆ ಎಂದು ಅಲ್ಲಿದ್ದವರು ಹೇಳಿದರು. ಅವ್ವ ನನ್ನ ಗಾಡಿಯಲ್ಲಿ ಮಹಾಲಿಂಗಪುರದ ಗುಡಿಯಾಚೆ ಎಂದೂ ಬಂದವಳಲ್ಲ. ಆದರೂ ಮರುಮಾತಿಲ್ಲದೆ ಒಪ್ಪಿದಳು. ಗಾಳಿಗೆ ಸೆರಗು ಹಾರಿ ಗಾಲಿಗೆ ಸಿಕ್ಕೀತೆಂದು ನನ್ನ ಹೆಂಡತಿ ಅದನ್ನು ಹಿಂದಕ್ಕೆ ಸುತ್ತಿ ಒಂದು ಪಿನ್ನು ಹಾಕಿದಳು. ಕೈಚೀಲದಲ್ಲಿ ತಂಗಿಗೆಂದು ಒಂದು ರಬಕವಿ ಸೀರೆ, ಅರಿವೆಯಲ್ಲಿ ಸುತ್ತಿದ ವಿಭೂತಿ ಗಟ್ಟಿ. ನಾನು ಕಿಕ್ ಹೊಡೆಯಬೇಕು ಎನ್ನುವಾಗ, “ನಿಂದರು,” ಎಂದು ಅವ್ವ ಮತ್ತೆ ಒಳಗೆ ಹೋಗಿ ವಿಭೂತಿ ತೇಯ್ದುಕೊಂಡು ಬಂದು ಮುಚ್ಚಳದ ಮೇಲೆ ದಪ್ಪಗೆ ಎಳೆದಳು. ಆ ದಿನ ಸೋಮವಾರವಲ್ಲ. ಆದರೂ ಅವಳು ಮೂರೂ ಪಟ್ಟೆ ಎಳೆದು ಮುಗಿಸುವವರೆಗೆ ಕಾದು ಕಿಕ್ ಹೊಡೆದೆ.

ಮಹಾಲಿಂಗಪುರ ದಾಟುವವರೆಗೆ ಗಾಡಿ ನನ್ನ ಮಾನ ಕಾಯಿತು. ಆಮೇಲೆ ರನ್ನ ಬೆಳಗಲಿಯ ದಾರಿಯಲ್ಲಿ, ಸಾಲಾಗಿ ನಿಂತ ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ನನ್ನ ಶಾಸ್ತ್ರ ಇಂಥ ಹೊತ್ತಿಗೇ ಇರುವುದಲ್ಲವೇ? ಗಾಬರಿಯಾಗದೆ ಕ್ರಮವಾಗಿ ನೋಡಬೇಕು. ಮೊದಲು ಪೆಟ್ರೋಲು. ಕೀಲಿ ಹಾಕಿ ಮುಚ್ಚಳ ತೆಗೆದೆ, ಗಾಡಿ ಅಲುಗಿಸಿದೆ, ಟಾಕಿ ತುಂಬಿತ್ತು. ಮುಚ್ಚಿದೆ. ಎರಡನೆಯದು ಪ್ಲಗ್ಗು. ಬಿಚ್ಚಿ ನೋಡಿದರೆ ತುದಿ ಸ್ವಲ್ಪ ಕಪ್ಪಾಗಿತ್ತು. ಪಾಲಿಶ್ ಪೇಪರಿನಿಂದ ತಿಕ್ಕಿ, ನೂಲಿನಿಂದ ಒರೆಸಿ, ಮತ್ತೆ ಕೂರಿಸಿ ಕಿಕ್ ಹೊಡೆದೆ. ಒಂದೇ ಏಟಿಗೆ ಶುರುವಾಯಿತು.

“ಪ್ಲಗ್ಗಿನ್ಯಾಗ ಕಸ ಕುಂತಿತ್ತು ಅವ್ವಾ. ಈಗ ಚಿಂತಿಲ್ಲ.”

“ಆತು, ನಡಿ.”

ಬೆಳಗಲಿಯ ಹತ್ತಿರ ಮತ್ತೆ ನಿಂತಿತು. ನಿಮಗೆ ಗೊತ್ತಿರಬೇಕು, ನಮ್ಮ ಕಡೆ ಮನುಷ್ಯ ಬಿದ್ದರೆ ಎತ್ತಲು ಜನ ಯೋಚಿಸಬಹುದು, ಗಾಡಿ ನಿಂತರೆ ಮಾತ್ರ ಎಲ್ಲರೂ ಬರುತ್ತಾರೆ. ಬಂದ್ ಇದ್ದದ್ದರಿಂದ ಕೆಲಸವಿಲ್ಲದ ಟ್ರ್ಯಾಕ್ಟರಿನ ಡ್ರೈವರುಗಳು ಸುತ್ತ ಕೂಡಿದರು. ಒಬ್ಬ ಕಾಯಿಲ್ ಹೋಗಿದೆ ಎಂದ. ಇನ್ನೊಬ್ಬ ಚೋಕು ಎಳೆದು ಬಿಟ್ಟು, ಮತ್ತೆ ಎಳೆದ. ಧೋತರ ಎತ್ತಿ ಕಟ್ಟಿದ ಒಬ್ಬ ಹಿರಿಯ ದೂರದಿಂದಲೇ, “ಪೆಟ್ರೋಲನ್ಯಾಗ ನೀರ ಕೂಡೇತ್ರಿ, ಬರದ ಕೊಡತೇನಿ,” ಎಂದು ತೀರ್ಪು ಕೊಟ್ಟ. ನನಗೂ ಅದು ಸರಿ ಎನಿಸಿತು. ನೀರು ಕಾಣುತ್ತದೆಯೇ ಎಂದು ಮತ್ತೆ ಮುಚ್ಚಳ ತೆಗೆದು ಇಣುಕಿದೆ, ಮುಚ್ಚಿದೆ, ಕಾರ್ಬೋರೇಟರಿನ ತಳದ ಸ್ಕ್ರೂ ಸಡಿಲಿಸಿ ಒಂದಿಷ್ಟು ಪೆಟ್ರೋಲು ಹೊರಗೆ ಬಿಟ್ಟೆ. ಕಿಕ್ ಹೊಡೆದರೆ ಶುರು. ಹಿರಿಯ ಎಲ್ಲರ ಮುಖ ನೋಡಿ ಮೀಸೆ ತಿರುವಿದ.

ಅಷ್ಟರಲ್ಲಿ ಮಲ್ಲುವಿನ ಫೋನು. “ಎಲ್ಲಿ ಅದೀರಿ? ಗಾಡಿ ಬಂದು ಬಾಗಲದಾಗ ನಿಂತೈತಿ. ಡ್ರೈವರ ಒದರಾಡಾಕತ್ತಾನ. ಅವ್ವ ಕಟ್ಟಿ ಬಿಟ್ಟು ಏಳವಲ್ಲಳು.”

“ಬಂದ್ವಿ, ಮುಧೋಳ ಬಂತು,” ಎಂದು ಸುಳ್ಳು ಹೇಳಿದೆ. ಅವ್ವ ಪಕ್ಕದಲ್ಲಿ ನಿಂತು ಚೀಲದೊಳಗೆ ಕೈಯಿಟ್ಟು ವಿಭೂತಿ ಗಟ್ಟಿಯನ್ನು ಹಿಡಿದುಕೊಂಡಿದ್ದಳು.

ಮುಧೋಳದಲ್ಲಿ ರಸ್ತೆಗೆ ಅಡ್ಡ ಮುಳ್ಳುಕಂಟಿ, ನಡುವೆ ಟೈರು ಉರಿಯುತ್ತಿತ್ತು. ಹಸಿರು ಶಾಲಿನವರು ಕೈ ಅಡ್ಡ ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹಿಂದಿನಿಂದ, “ತಂಗೀನ ಆಪರೇಶನ್ನಿಗೆ ಒಯ್ಯಾಕತ್ತಾರಪ್ಪಾ, ಮಾರಿ ನೋಡಬೇಕು,” ಎಂದಳು. ಅವರು ಕಂಟಿ ಸರಿಸಿದರು. ಆ ಹೊಗೆಯಲ್ಲಿ ದಾಟುವಾಗ ಇಲ್ಲೇ ಎಲ್ಲಿ ನಿಲ್ಲುತ್ತದೋ ಎಂದು ನನ್ನ ಕೈ ಎಕ್ಸಿಲರೇಟರಿನ ಮೇಲೆ ಬೆವರಿ ಜಾರುತ್ತಿತ್ತು. ನಿಲ್ಲಲಿಲ್ಲ. ಲೋಕಾಪುರದ ದಾರಿ ಹಿಡಿದು, ಊರು ಹಿಂದೆ ಬಿದ್ದು, ಎರಡೂ ಕಡೆ ಎತ್ತರದ ಕಬ್ಬು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲದ ಕಡೆ ಬಂದ ಮೇಲೆ ನಿಂತಿತು.

ಈಗ ಕ್ರಮ ಗಿಮ ಎಲ್ಲ ಮರೆತು ಹೋಯಿತು. ಮುಚ್ಚಳ ತೆಗೆದೆ, ನೋಡಿದೆ, ಹಾಕಿದೆ. ಬಿಸಿ ಪ್ಲಗ್ಗಿಗೆ ಬರಿಗೈ ಹಾಕಿ ಬೆರಳು ಸುಟ್ಟುಕೊಂಡೆ. ಪಾನಾ ಕೈ ಜಾರಿ ಕಂಟಿಯೊಳಗೆ ಬಿತ್ತು. ನಾನು ಗಾಡಿಗೆ ಬೈದೆ, ಅದನ್ನು ಮಾಡಿದವರಿಗೆ ಬೈದೆ, ಆ ಮೀಸೆಯ ಹಿರಿಯನಿಗೂ ಬೈದೆ.

“ಸುಮ್ನಿರು ಒಂದೀಟು,” ಎಂದಳು ಅವ್ವ. “ಆ ಮುಚ್ಚಳಾ ತಗದಾಗ ಒಂದು ಸಪ್ಪಳ ಬರತೈತಿ, ಕೇಳೀಯೇನು?”

“ಯಾವ ಸಪ್ಪಳ?”

“ಸುಸ್ ಅಂತೈತಿ. ಹವಾ ಒಳಗ ಜಗ್ಗಿಕೊಂಡಂಗ. ಮೂರೂ ಸಲ ಬಂತು.”

ನಾನು ಕೇಳಿರಲಿಲ್ಲ. ಪ್ಲಗ್ಗಿಗೆ ಕೈ ಹಾಕದೆ ಸುಮ್ಮನೆ ಕಿಕ್ ಹೊಡೆದೆ. ಗಾಡಿ ಶುರುವಾಯಿತು.

ಆಗ ನನಗೆ ಎಲ್ಲ ತಿಳಿಯಿತು. ನಿಮಗೂ ಹೇಳುತ್ತೇನೆ, ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬಂದೀತು. ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಕೀಲಿಯ ಕಿಂಡಿಯ ಪಕ್ಕ ಸೂಜಿಯ ಮೊನೆಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಕೆಳಗೆ ಇಳಿದಂತೆ ಆ ತೂತಿನಿಂದ ಹವಾ ಒಳಗೆ ಬರಬೇಕು. ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲವಲ್ಲ, ಹಾಗೆ. ಹವಾ ಬರದಿದ್ದರೆ ಸ್ವಲ್ಪ ದೂರ ಹೋದ ಮೇಲೆ ಪೆಟ್ರೋಲು ಇಳಿಯುವುದು ನಿಲ್ಲುತ್ತದೆ, ಗಾಡಿಯೂ ನಿಲ್ಲುತ್ತದೆ. ಮುಚ್ಚಳ ತೆಗೆದರೆ ಸುಸ್ ಎಂದು ಹವಾ ಹೊಕ್ಕು ಮತ್ತೆ ಸರಿಯಾಗುತ್ತದೆ. ನಾನು ಪ್ಲಗ್ಗು ತಿಕ್ಕಿದ್ದೂ ವ್ಯರ್ಥ, ಪೆಟ್ರೋಲು ಚೆಲ್ಲಿದ್ದೂ ವ್ಯರ್ಥ. ಪ್ರತಿ ಸಲವೂ ಗಾಡಿಯನ್ನು ಎಬ್ಬಿಸಿದ್ದು ಮುಚ್ಚಳ ತೆಗೆದದ್ದು ಮಾತ್ರ. ಆ ತೂತು ಅವ್ವ ಹಚ್ಚಿದ ವಿಭೂತಿಯ ಕೆಳಗೆ, ಆ ಬೆಳಗಿನ ದಪ್ಪ ಪಟ್ಟೆಯೊಂದಿಗೆ, ಪೂರ್ತಿ ಹೂತು ಹೋಗಿತ್ತು.

ಇದನ್ನು ಅವಳಿಗೆ ಹೇಗೆ ಹೇಳುವುದು? ತಂಗಿಯ ಜೀವ ತೂಗುತ್ತಿರುವ ದಿನ, ಗಾಡಿಯ ಹಣೆಯ ವಿಭೂತಿ ಕೆರೆಯಬೇಕು ಎಂದು ಹೇಳಲು ನನ್ನ ನಾಲಗೆ ಏಳಲಿಲ್ಲ. ಮುಚ್ಚಳವನ್ನು ಬೀಗ ಹಾಕದೆ ಸುಮ್ಮನೆ ಮೇಲೆ ಇಟ್ಟುಕೊಂಡು ಹೊರಟೆ. ಹವಾ ಬಂದರಾಯಿತು, ಲೋಕಾಪುರ ಮುಟ್ಟಿದ ಮೇಲೆ ನೋಡಿಕೊಂಡರಾಯಿತು.

ಇಂಥ ಬುದ್ಧಿವಂತಿಕೆಯನ್ನು ನೀವು ಎಂದೂ ಮಾಡಬೇಡಿ. ಟಾಕಿ ತುಂಬಿದ್ದರಿಂದ ಪ್ರತಿ ತಗ್ಗಿಗೂ ಪೆಟ್ರೋಲು ತುಳುಕಿ ನನ್ನ ತೊಡೆಯ ಮೇಲೆ ಬೀಳತೊಡಗಿತು. ಒಂದು ಕೈಯಿಂದ ಮುಚ್ಚಳ ಒತ್ತಿಕೊಂಡು ಇನ್ನೊಂದು ಕೈಯಿಂದ ಗಾಡಿ ಓಡಿಸಿದೆ. ಒಂದು ರೋಡ್ ಹಂಪ್ ಮೇಲೆ ಹಾರಿದಾಗ ಬಿಸಿ ಎಂಜಿನಿನ ಮೇಲೆ ಪೆಟ್ರೋಲು ಬಿದ್ದು ಚುರ್ ಎಂದಿತು.

“ಬಸೂ, ಎಣ್ಣಿ ವಾಸನಿ ಬರಾಕತ್ತೈತಿ. ನನ್ನ ಸೀರಿನೂ ತೊಯ್ದೈತಿ.”

“ಏನಿಲ್ಲ ಅವ್ವಾ, ಹಿಡಕೊಂಡ ಕುಂದರು.”

ತಿರುವು ದಾಟಿದರೆ ಎದುರಿಗೆ ಒಂದು ಹಳ್ಳಿಯ ಕ್ರಾಸು. ಅಲ್ಲಿಯೂ ರಸ್ತೆಯ ನಡುವೆ ಟೈರು ಉರಿಯುತ್ತಿತ್ತು, ಗಾಳಿಗೆ ಕಿಡಿ ಹಾರುತ್ತಿತ್ತು. ಪೆಟ್ರೋಲಿನಲ್ಲಿ ತೊಯ್ದ ಬಟ್ಟೆ, ಬಾಯಿ ತೆರೆದ ಟಾಕಿ, ಹಿಂದೆ ಅವ್ವ. ಬ್ರೇಕು ಒತ್ತಿ ಗಾಡಿ ನಿಲ್ಲಿಸಿದೆ. ಆ ಹೊತ್ತಿಗೆ ನನಗಾದ ಹೆದರಿಕೆ ಅಷ್ಟಿಷ್ಟಲ್ಲ. ಇನ್ನೂ ಮುಂದೆ ಹೋಗಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸಲು ಹೋಗುವುದಿಲ್ಲ.

ಗಾಡಿಯನ್ನು ಕಿಡಿ ಹಾರಿ ಬಾರದ ಕಡೆಗೆ ತಳ್ಳಿಕೊಂಡು ಹೋಗಿ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಮುಚ್ಚಳವನ್ನೇ ನೋಡುತ್ತ ನಿಂತಳು.

“ಮೊದಲಽ ಯಾಕ ಹೇಳಲಿಲ್ಲೋ?”

“ಇಂಥಾ ದಿನ ಹೆಂಗ ಹೇಳಲಿ? ವಿಭೂತಿ ಅಳಸು ಅಂತ ನಿನಗ ಹೆಂಗ ಹೇಳಲಿ?”

ಫೋನು ಮತ್ತೆ ಬಡಿದುಕೊಳ್ಳತೊಡಗಿತು. ನಾನು ಎತ್ತಲಿಲ್ಲ. ಅದು ನಿಂತ ಮೇಲೆ ಅವ್ವ ಬಾಗಿ ಮುಚ್ಚಳಕ್ಕೆ ಹಣೆ ಹಚ್ಚಿದಳು. ಏನು ಕೇಳಿಕೊಂಡಳೋ ನನಗೆ ಕೇಳಿಸಲಿಲ್ಲ. ಎದ್ದವಳೇ ಸೆರಗಿನ ಪಿನ್ನು ಕಿತ್ತಳು.

ಅಂಗೈಯನ್ನು ಕೆಳಗೆ ಹಿಡಿದು ಕೆರೆಯತೊಡಗಿದಳು. ಒಂದು ಚೂರೂ ನೆಲಕ್ಕೆ ಬೀಳಗೊಡಲಿಲ್ಲ. ಬಿಳಿ ಪದರಗಳು ಒಂದೊಂದಾಗಿ ಎದ್ದವು, ಅಪ್ಪ ಹೋದಂದಿನಿಂದ ಅವಳು ನನಗಾಗಿ ಕೇಳಿಕೊಂಡ ಸೋಮವಾರಗಳೆಲ್ಲ ಅಲ್ಲಿದ್ದವು. ಕೀಲಿಯ ಕಿಂಡಿಯ ಪಕ್ಕದಲ್ಲಿ ಪಿನ್ನಿನ ತುದಿ ಸೊಟ್ಟಗಾಗುವವರೆಗೆ ಚುಚ್ಚಿದಳು. ನಾನು ಮುಚ್ಚಳವನ್ನು ಬಾಯಿಗೆ ಹಚ್ಚಿ ಊದಿದೆ. ಆಚೆ ಕಡೆ ಹಿಡಿದ ಅವಳ ಬೆರಳಿಗೆ ಉಸಿರು ತಾಗಿತು.

“ಬಂತು,” ಎಂದಳು. ಆಮೇಲೆ ಆ ತೂತನ್ನು ಹತ್ತಿರದಿಂದ ನೋಡಿ, “ಹಣಿ ಅಂತ ತಿಳದು ಮೂಗಿಗಿ ಹಚ್ಚೀನಲ್ಲೋ ಯವ್ವಾ,” ಎಂದಳು. ಆ ಗಡಿಬಿಡಿಯಲ್ಲೂ ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅಂಗೈಯಲ್ಲಿ ಉಳಿದ ಚೂರನ್ನು ಪುಡಿ ಮಾಡಿ ನನ್ನ ಹಣೆಗೆ ಹಚ್ಚಿದಳು, ಉಳಿದದ್ದನ್ನು ತನ್ನ ಹಣೆಗೆ.

ಮುಚ್ಚಳ ಭದ್ರವಾಗಿ ಹಾಕಿ, ಗಾಡಿ ಬಂದ್ ಇಟ್ಟೇ, ಬೆಂಕಿಗೆ ದೂರವಾಗಿ ಹೊಲದ ಬದುವಿನ ಮೇಲೆ ತಳ್ಳಿಕೊಂಡು ಆಚೆ ದಾಟಿದೆವು. ಅವ್ವ ಹಿಂದಿನಿಂದ ನೂಕಿದಳು. ರಸ್ತೆಗೆ ಬಂದು ಕಿಕ್ ಹೊಡೆದ ಮೇಲೆ ನಾನು ಪ್ರತಿ ಉಬ್ಬು ತಗ್ಗಿಗೂ ಎಂಜಿನಿನ ಸದ್ದಿಗೆ ಕಿವಿಗೊಟ್ಟೆ. ಹಿಂದೆ ಅವ್ವನೂ ಕಿವಿಗೊಟ್ಟಿದ್ದಳು, ಅವಳು ಉಸಿರು ಬಿಗಿ ಹಿಡಿದದ್ದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಲೋಕಾಪುರದ ಕ್ರಾಸಿನಲ್ಲಿ ಜನ ಆಗಲೇ ಕೂಡುತ್ತಿದ್ದರು. ಮನೆಯ ಮುಂದೆ ಬಾಡಿಗೆ ಕಾರು ಚಾಲೂ ಇತ್ತು. ಮಲ್ಲು ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದ. ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು, ಹಣೆ ಬೋಳಾಗಿತ್ತು, ಮುಖ ಅರಿವೆಯಂತೆ ಬಿಳಿಚಿತ್ತು. ಅವ್ವ ನನ್ನ ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಹೋದಳು. ಗಟ್ಟಿಯನ್ನು ತೇಯಲು ನೀರಿಗೂ ಕಾಯಲಿಲ್ಲ, ಒಣ ಗಟ್ಟಿಯನ್ನೇ ಮೂರು ಬೆರಳಿಗೆ ತಿಕ್ಕಿಕೊಂಡು ತಂಗಿಯ ಹಣೆಗೆ ಎಳೆದಳು.

“ಯಾಕ ಅಕ್ಕಾ ಇಷ್ಟ ತಡಾ? ನಾ ಇನ್ನ ನೀ ಬರಂಗಿಲ್ಲ ಅಂದಕೊಂಡಿದ್ದೆ.”

“ಗಾಡಿ ನಿಲ್ಲಾಕತ್ತಿತ್ತು ಗಂಗಾ. ನಾನಽ ವಿಭೂತಿ ಹಚ್ಚಿ ಅದರ ಉಸರ ಕಟ್ಟಿದ್ದೆ. ಅಳಿಸಿದ ಮ್ಯಾಲ ಓಡಿತು ನೋಡು.”

ವಿಭೂತಿಯನ್ನೇ ನಂಬಿ ಕೂತವಳ ಮುಂದೆ ಹೇಳುವ ಮಾತೇ ಇದು? ಚಿಗವ್ವ ಅಕ್ಕನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಕಾರು ಏರಿದಳು. ಮಲ್ಲು ಬಾಗಿಲು ಹಾಕಿದ. ಕಾರು ಕ್ರಾಸು ದಾಟಿದ್ದನ್ನು ನೋಡಿಯೇ ನಾವು ಒಳಗೆ ಹೋಗಿ ನೀರು ಕುಡಿದದ್ದು.

ಬಂದ್ ಮುಗಿದ ಮೇಲೆ ರಬಕವಿಗೆ ಮರಳಿದೆವು. ಆಪರೇಶನ್ ಇದ್ದ ಮರುದಿನವೆಲ್ಲ ಹೇಗೆ ಕಳೆಯಿತೆಂದು ಕೇಳಬೇಡಿ. ನಾನು ಆಫೀಸಿಗೆ ಹೋಗಲಿಲ್ಲ, ರವಿವಾರವಲ್ಲದಿದ್ದರೂ ಅಂಗಳದಲ್ಲಿ ಕೂತು ತೊಳೆದ ಗಾಡಿಯನ್ನೇ ಮತ್ತೆ ತೊಳೆದೆ. ಅವ್ವ ಫೋನಿನ ಹತ್ತಿರ ಕೂತಳು, ಅದು ಬಡಿದಾಗ ಎತ್ತಲು ಮಾತ್ರ ನನ್ನನ್ನೇ ಕರೆದಳು. ಮಲ್ಲು ಅಳುತ್ತಿದ್ದ, ಚಲೋ ಸುದ್ದಿಗೂ ಅವನು ಅಳುವವನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಈಗಲೂ ಸೋಮವಾರ ಗಾಡಿಗೆ ವಿಭೂತಿ ಬೀಳುತ್ತದೆ, ಮುಂದಿನ ಮಡ್‌ಗಾರ್ಡಿನ ಮೇಲೆ. ಅದು ಪಾದ ಎಂದು ಅವ್ವ ಹೇಳುತ್ತಾಳೆ, ದೇವರಿಗಾದರೂ ಪಾದಕ್ಕೇ ಅಲ್ಲವೇ ಮುಟ್ಟುವುದು ಎನ್ನುತ್ತಾಳೆ. ಆ ಸೊಟ್ಟ ಪಿನ್ನನ್ನು ಮಾತ್ರ ಅವಳು ವಾಪಸು ತೆಗೆದುಕೊಳ್ಳಲಿಲ್ಲ. ಗಾಡಿಗೇ ಇರಲಿ ಎಂದಳು.

ಚಿಗವ್ವ ಬೆಳಗಾವಿಯಿಂದ ಮನೆಗೆ ಬಂದ ಮೇಲೆ ನಾನು ಅವ್ವನನ್ನು ಮತ್ತೆ ಅದೇ ಗಾಡಿಯಲ್ಲಿ ಕರೆದುಕೊಂಡು ಹೋದೆ. ಚಿಗವ್ವ ದಿಂಬಿಗೆ ಒರಗಿ ಕೂತಿದ್ದಳು, ದನಿ ಸಣ್ಣಗಾಗಿತ್ತು. ಆಪರೇಶನ್ನಿನ ಕೋಣೆಗೆ ಒಯ್ಯುವ ಮೊದಲು ಆದದ್ದನ್ನು ಅವಳೇ ಹೇಳಿದಳು.

“ನರ್ಸಬಾಯಿ ಹಸಿ ಹತ್ತಿ ತಗೊಂಡ ಬಂದ್ಲು. ಹಣಿಮ್ಯಾಗ ಏನೂ ಇರಬಾರದಂತ. ನನ್ನ ಜೀವಾ ಹಾರಿತು. ಅಕ್ಕ ಹಚ್ಯಾಳ, ಅದೊಂದ ಬಿಡವ್ವಾ ಅಂತ ಬಾಯಿತನಕ ಬಂದಿತ್ತು. ಆಮ್ಯಾಲ ನಿಮ್ಮ ಗಾಡಿ ನೆನಪಾತು ನೋಡು. ಒರಸವ್ವಾ ಅಂದೆ. ಅಳಿಸಿದ ಮ್ಯಾಲ ಓಡತೈತಿ ಅಂತ ನಮ್ಮಕ್ಕ ಹೇಳ್ಯಾಳ, ಒರಸು ಅಂದೆ. ಆ ಹುಡಿಗಿಗೆ ಒಂದೂ ತಿಳೀಲಿಲ್ಲ.”

ಅವ್ವ ಚೀಲದಲ್ಲಿದ್ದ ವಿಭೂತಿ ಗಟ್ಟಿಗೆ ಕೈ ಹಾಕಿದ್ದವಳು ಅದನ್ನು ಅಲ್ಲಿಯೇ ಬಿಟ್ಟಳು. ತಂಗಿಯ ಹತ್ತಿರ ಸರಿದು ಕೂತು, ಅವಳ ಹಣೆಯನ್ನು ಬರಿಗೈಯಿಂದ ಸವರಿದಳು.